ಅಳಿವೆಯ ನೀರಿನಲ್ಲಿ ಮೀನುಗಾರಿಕೆ

ಮೀನುಗಾರಿಕೆಯೆಂದೊಡನೆ ನಮ್ಮ ಕರಾವಳಿಯವರಿಗೆ ದೊಡ್ಡ ದೋಣಿಗಳೂ ಆಳವಾದ ಕಡಲೂ ಜ್ಞಾಪಕಕ್ಕೆ ಬರುವುದು ಸಹಜ. ಆದರೆ ಮೊಣಕಾಲುದ್ದದ ಉಪ್ಪುನೀರಿನಲ್ಲಿ, ದೋಣಿಯ ಹಂಗಿಲ್ಲದೆ ನಡೆಯುವ ಮೀನುಗಾರಿಕೆಯೂ ಒಂದುಂಟು. ನದಿಯು ಸಮುದ್ರವನ್ನು ಕೂಡುವ ಅಳಿವೆಯೇ ಅದಕ್ಕೆ ಸ್ಥಾನವು. ಅದರ ಕ್ರಮವನ್ನೂ, ಅದು ಉಳಿಯುವಂತೆ ಮನೆವಾರ್ತೆ ನಡಿಸುವವರು ಮಾಡತಕ್ಕದ್ದನ್ನೂ ಈ ಪಾಠದಲ್ಲಿ ವಿಚಾರಿಸುವೆವು.

ದೃಷ್ಟಾಂತಕ್ಕಾಗಿ ಅಘನಾಶಿನಿಯನ್ನು ತೆಗೆದುಕೊಳ್ಳೋಣ. ಈ ಹೊಳೆಯು ಶಿರಸಿಯ ಸೀಮೆಯಲ್ಲಿ ಹುಟ್ಟಿ, ಘಟ್ಟವನ್ನಿಳಿದು, ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಹರಿದು, ಕುಮಟಾ ತಾಲೂಕಿನ ತದಡಿಯ ಬಳಿ ಕಡಲನ್ನು ಸೇರುತ್ತದೆ. ಅಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುವವು. ಹೊಳೆಯು ತಂದ ಮಣ್ಣು ಹರವಾಗಿ ಹಾಸಿಕೊಂಡಿರುತ್ತದೆ.

ಈ ನೀರಿನಲ್ಲಿ ಕೆಲಸದ ವೇಳೆಯನ್ನು ಚಂದ್ರನೇ ಗೊತ್ತುಮಾಡುವನು. ಸುಮಾರು 24 ಗಂಟೆ 50 ನಿಮಿಷಗಳಲ್ಲಿ ಎರಡಾವರ್ತಿ ಭರತವೂ ಎರಡಾವರ್ತಿ ಇಳಿತವೂ ಆಗುತ್ತವೆ. ಆದಕಾರಣ ಇಂದಿನ ಇಳಿತವು ನಾಳೆ ಸುಮಾರು 50 ನಿಮಿಷ ತಡವಾಗಿ ಬರುವುದು. ಅಮಾವಾಸ್ಯೆ ಹುಣ್ಣಿಮೆಗಳ ಸಮಯದಲ್ಲಿ ನೀರು ಹೆಚ್ಚಾಗಿ ಏರಿ ಹೆಚ್ಚಾಗಿ ಇಳಿಯುತ್ತದೆ. ಆಗ ಬಯಲಾಗುವ ಮರಳದಿಬ್ಬಗಳಲ್ಲಿ ಹೆಂಗಸರು ಬಗ್ಗಿ, ಕೈಕಾಲುಗಳಿಂದ ತಡಕಿ ಬಳಚನ್ನು ಆಯುವರು. ತೆಂಕಣ ಸೀಮೆಯವರು ಇದನ್ನೇ ಮರುವಾಯಿ ಎನ್ನುವರು. ಗಂಡಸರು ಬೀಸುಬಲೆಯಿಂದ ಕಾಣೆ ಮೊದಲಾದ ಮೀನುಗಳನ್ನು ಹಿಡಿಯುವರು. ಕಾಂಡ್ಲಾ ಗಿಡಗಳ ಬುಡದ ಕೆಸರಿನಲ್ಲಿ ಏಡಿಗಳು ದೊರೆಯುತ್ತವೆ.

ದಡದ ಗಜನಿ ಗದ್ದೆಗಳ ಕ್ರಮವು ಇನ್ನೂ ವಿಚಿತ್ರವಾದದ್ದು. ಮಳೆಗಾಲದಲ್ಲಿ ನೀರಿನ ಉಪ್ಪು ತಗ್ಗಿದಾಗ ಅಲ್ಲಿ ಉಪ್ಪನ್ನು ತಾಳಬಲ್ಲ ಕಗ್ಗವೆಂಬ ಭತ್ತವನ್ನು ಬೆಳೆಯುವರು. ಕೊಯ್ಲಾದ ಮೇಲೆ ಕಟ್ಟೆಯ ಗಂಡಿಯನ್ನು ತೆರೆದು ಭರತದ ನೀರನ್ನು ಒಳಗೆ ಬಿಡುವರು. ನೀರಿನೊಡನೆ ಬಂದ ಸಿಗಡಿ ಮೀನುಗಳ ಮರಿಗಳು ಕೊಳೆತ ಕೂಳೆಯ ನಡುವೆ ಮೇದು ಬೆಳೆಯುತ್ತವೆ. ಇಳಿತದ ಕಾಲಕ್ಕೆ ಗಂಡಿಗೆ ಬಲೆಯೊಡ್ಡಿ ಅವುಗಳನ್ನು ಹಿಡಿಯುವರು. ಹೀಗೆ ಒಂದೇ ಗದ್ದೆಯು ಅನ್ನವನ್ನೂ ಮೇಲೋಗರವನ್ನೂ ಕೊಡುತ್ತದೆ.

ಈ ಮರಿಗಳು ಎಲ್ಲಿಂದ ಬಂದವು? ಬಿಳಿ ಸಿಗಡಿಯು ಮೊಟ್ಟೆಯಿಡುವುದು ಕಡಲಿನಲ್ಲಿ. ಮರಿಗಳು ಭರತದೊಡನೆ ಅಳಿವೆಯನ್ನು ಹೊಕ್ಕು, ಕೆಲವು ತಿಂಗಳು ಅಲ್ಲಿದ್ದು, ಬಲಿಯುವುದಕ್ಕೆ ತಿರಿಗಿ ಕಡಲಿಗೆ ಹೋಗುವವು. ಆದುದರಿಂದ ಅಳಿವೆಯು ಕಡಲಿನ ತೊಟ್ಟಿಲು. ಇಲ್ಲಿ ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಳಿದರೆ, ದೂರದ ಕಡಲಿನಲ್ಲಿ ಬಲೆ ಬೀಸುವವನಿಗೂ ನಷ್ಟವೇ. ಬಳಚಿಗಾದರೋ ಓಡಿಹೋಗುವ ಶಕ್ತಿಯಿಲ್ಲ. ಅದು ಮರಳಿನಲ್ಲಿ ಹುದುಗಿ, ನೀರನ್ನು ಸೋಸಿ ಆಹಾರವನ್ನು ಪಡೆಯುವುದು. ಮರಳನ್ನು ತೋಡಿ ಸಾಗಿಸಿದಲ್ಲಿ ಅದರ ಮನೆಯೇ ಹೋಗುತ್ತದೆ.

1971ರಲ್ಲಿ ಇರಾನ್ ದೇಶದ ರಾಮ್ಸಾರ್ ನಗರದಲ್ಲಿ ಜೌಗುಭೂಮಿಗಳ ರಕ್ಷಣೆಗಾಗಿ ಅನೇಕ ದೇಶಗಳು ಒಡಂಬಡಿಕೆ ಮಾಡಿಕೊಂಡವು. 2024ರಲ್ಲಿ ಅಘನಾಶಿನಿಯ ಅಳಿವೆಯು ಅದರ ಪಟ್ಟಿಯಲ್ಲಿ ಸೇರಿತು. ಇದು ಸಂತೋಷದ ಸಂಗತಿಯೇ. ಆದರೂ ದಿನದಿನದ ರಕ್ಷಣೆಯು ಪಟ್ಟಿಯಿಂದ ಮಾತ್ರ ಆಗತಕ್ಕದ್ದಲ್ಲ.

ಬಳಚನ್ನು ಆಯುವವಳಿಗೆ ದೋಣಿಯಿಲ್ಲ, ಬಲೆಯಿಲ್ಲ. ಆ ದಿನದ ಇಳಿತವೇ ಆಕೆಯ ಸಂಪಾದನೆ. ಸಣ್ಣದನ್ನು ಮರಳಿಗೆ ಬಿಟ್ಟರೆ ಅದು ಬೆಳೆದೀತೆಂದು ಆಕೆಯು ನಮಗಿಂತ ಚೆನ್ನಾಗಿ ಬಲ್ಲಳು. ಆದರೆ ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಕ್ರಯ ದೊರೆಯುವುದಾದರೆ, ಮಕ್ಕಳು ಹಸಿದಿರುವ ಮನೆಯವಳು ಯಾವುದನ್ನು ತಾನೇ ಬಿಟ್ಟಾಳು? ಆದುದರಿಂದ ಈ ಶಾಲೆಯಲ್ಲಿ ಕಲಿತು ಈಗ ಸಂಸಾರವನ್ನು ನಡಿಸುತ್ತಿರುವ ಸಹೋದರಿಯರೂ, ನಮ್ಮ ವಿದ್ಯಾರ್ಥಿನಿಯರ ತಾಯ್ತಂದೆಗಳೂ ಒಂದು ಸಣ್ಣ ನಿಯಮವನ್ನು ಪಾಲಿಸಬಹುದು. ಉಗುರಿನಷ್ಟು ಸಣ್ಣ ಬಳಚನ್ನು ಕೊಳ್ಳದಿರಿ. ದೊಡ್ಡದನ್ನು ಮಾತ್ರ ಆಯ್ದು ತಂದವಳೊಡನೆ ಕ್ರಯಕ್ಕಾಗಿ ಚೌಕಾಶಿ ಮಾಡದಿರಿ. ಆಕೆಯು ಹಿಂದೆ ಬಿಟ್ಟು ಬಂದದ್ದಕ್ಕೂ ಬೆಲೆಯುಂಟೆಂದು ತಿಳಿದು ಕೊಡಿರಿ.