ತಿರುಗದ ಆಂಟೆನಾ

ಬೆಂಗಳೂರಿನಲ್ಲಿ 1981ರಲ್ಲಿ ದೂರದರ್ಶನ ಕೇಂದ್ರವು ಆರಂಭವಾದ ಹೊಸತು. ಯಲಹಂಕದಲ್ಲಿ ನಮ್ಮ ನೆರೆಮನೆಯ ಯಜಮಾನರು ಸಂಜೆಯಾದೊಡನೆ ಮಹಡಿಯನ್ನೇರಿ, ಲೋಹದ ಕಡ್ಡಿಗಳ ಆಂಟೆನಾವನ್ನು ಅತ್ತಿತ್ತ ತಿರುಗಿಸುತ್ತಿದ್ದರು. "ಈಗ ಬಂತೇನೋ?" ಎಂದು ಮೇಲಿನಿಂದ ಪ್ರಶ್ನೆ. "ಬಂತಪ್ಪಾ! ಅಯ್ಯೋ, ಹೋಯಿತು!" ಎಂದು ಕೆಳಗಿನಿಂದ ಮಗನ ಉತ್ತರ. ತಂದೆಮಕ್ಕಳಿಬ್ಬರೂ ತಮಗರಿವಿಲ್ಲದೆಯೇ ಒಂದು ವಿಜ್ಞಾನ ಪ್ರಯೋಗವನ್ನು ನಡೆಸುತ್ತಿದ್ದರು.

ಆಂಟೆನಾ ಎಲ್ಲ ದಿಕ್ಕುಗಳಿಗೂ ಸಮನಾಗಿ ಕಿವಿಗೊಡುವುದಿಲ್ಲ. ಯಾವ ದಿಕ್ಕಿನ ಅಲೆಯನ್ನು ಎಷ್ಟು ಬಲವಾಗಿ ಗ್ರಹಿಸುತ್ತದೆಂಬುದನ್ನು ಕಾಗದದ ಮೇಲೆ ಗೆರೆಯಾಗಿ ಬರೆದರೆ, ನಡುವೆ ಒಂದು ಹಿರಿಯ ಎಸಳು, ಪಕ್ಕಗಳಲ್ಲಿ ಕಿರಿಯ ಎಸಳುಗಳು ಮೂಡುತ್ತವೆ. ಇದೇ ಆಂಟೆನಾದ ವಿಕಿರಣ ವಿನ್ಯಾಸ. ಅಲೆಗಳನ್ನು ಕಳುಹಿಸುವಾಗಲೂ ವಿನ್ಯಾಸ ಅದೇ. ಅದನ್ನು ಅಳೆಯಲು ದೂರದಲ್ಲೊಂದು ಪ್ರೇಷಕವನ್ನಿಟ್ಟು, ಆಂಟೆನಾವನ್ನು ತಿರುಗುವ ಪೀಠದ ಮೇಲೆ ಒಂದೊಂದೇ ಡಿಗ್ರಿಯಷ್ಟು ತಿರುಗಿಸುತ್ತ ಬಲವನ್ನು ಗುರುತಿಸಿಕೊಳ್ಳುತ್ತಾರೆ. ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಂಟೆನಾ ವಿದ್ಯೆಯನ್ನು ಬೆಳೆಸಿದವರಲ್ಲಿ ಕನ್ನಡ ನಾಡಿನ ರಾಜೇಶ್ವರಿ ಚಟರ್ಜಿಯವರು (1922–2010) ಪ್ರಮುಖರು.

ಆದರೆ ಪ್ರೇಷಕವು ಎಷ್ಟು ದೂರವಿರಬೇಕು? ಗೋಪುರದ ಬುಡದಲ್ಲಿ ನಿಂತವನಿಗೆ ಗೋಪುರದ ಆಕಾರ ತಿಳಿಯದು. ಆಂಟೆನಾದ ಉದ್ದದ ವರ್ಗವನ್ನು ಇಮ್ಮಡಿಸಿ, ತರಂಗದೂರದಿಂದ ಭಾಗಿಸಿದರೆ ಬರುವಷ್ಟಾದರೂ ದೂರ ಬೇಕು. ಮನೆಯ ಮೇಲಿನ ಆಂಟೆನಾಕ್ಕೆ ಇದು ಕೆಲವೇ ಮೀಟರುಗಳ ಮಾತು.

ಈಗ ಯಲಹಂಕದಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದು ಉತ್ತರಕ್ಕೆ, ಗೌರಿಬಿದನೂರಿಗೆ ಹೋಗೋಣ. ಅಲ್ಲಿ 1976ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ ಒಂದು ರೇಡಿಯೋ ದೂರದರ್ಶಕವನ್ನು ಸ್ಥಾಪಿಸಿದವು. 'ಟಿ' ಅಕ್ಷರದ ಆಕಾರದಲ್ಲಿ 1000 ಆಂಟೆನಾಗಳ ಸಾಲು, ಪೂರ್ವಪಶ್ಚಿಮವಾಗಿ 1.4 ಕಿಲೋಮೀಟರ್ ಉದ್ದ. ಗ್ರಹಿಸುತ್ತಿದ್ದ ಅಲೆಯ ತರಂಗದೂರ ಸುಮಾರು 8.7 ಮೀಟರ್. ಲೆಕ್ಕ ಹಾಕಿ ನೋಡಿರಿ: ಪ್ರೇಷಕವು ಸುಮಾರು 450 ಕಿಲೋಮೀಟರ್ ಆಚೆಗಿರಬೇಕು! ಅಷ್ಟು ದೂರಕ್ಕೆ ಭೂಮಿಯ ದುಂಡುತನವೇ ಅಡ್ಡ ಬರುತ್ತದೆ. ಇನ್ನು ಇಷ್ಟುದ್ದದ ಸಾಲನ್ನು ಹೊತ್ತು ತಿರುಗಿಸುವ ಪೀಠವೆಲ್ಲಿ?

ಇಂತಹ ಕಡೆ ಖಗೋಳವಿಜ್ಞಾನಿಗಳು ಆಕಾಶದ ಪ್ರೇಷಕಗಳನ್ನೇ ಆಶ್ರಯಿಸುತ್ತಾರೆ. ವೃಷಭ ರಾಶಿಯಲ್ಲಿ ಏಡಿ ನೀಹಾರಿಕೆ ಎಂಬುದೊಂದಿದೆ. 1054ರಲ್ಲಿ ಚೀನಾದವರು ಹಗಲಿನಲ್ಲಿಯೂ ಕಂಡ ನಕ್ಷತ್ರಸ್ಫೋಟದ ಅವಶೇಷವದು. ಬಲವಾದ ರೇಡಿಯೋ ಅಲೆಗಳನ್ನು ಸೂಸುತ್ತದೆ. ಆಂಟೆನಾ ನಿಂತಲ್ಲೇ ನಿಂತಿರುತ್ತದೆ. ಭೂಮಿಯೇ ತಿರುಗುವ ಪೀಠ. ನೀಹಾರಿಕೆಯು ನೆತ್ತಿಯ ಸಮೀಪದಲ್ಲಿ ಹಾದುಹೋಗುವಾಗ ಲೇಖನಯಂತ್ರದ ಗೆರೆ ಏರಿ, ಇಳಿಯುತ್ತದೆ. ಆ ಗೆರೆಯೇ ವಿನ್ಯಾಸ. ಗೌರಿಬಿದನೂರಿನ ಹಿರಿಯ ಎಸಳು ಪೂರ್ವಪಶ್ಚಿಮವಾಗಿ ಹುಣ್ಣಿಮೆಯ ಚಂದ್ರನ ಅಗಲಕ್ಕಿಂತ ತುಸು ಕಿರಿದು. ದಾಟಲು ಎರಡು ನಿಮಿಷ ಸಾಕು.

ಕಿರಿಯ ಎಸಳುಗಳನ್ನು ಕಡೆಗಣಿಸುವಂತಿಲ್ಲ. ಪ್ರಬಲವಾದ ಮೂಲವೊಂದು ಅಲ್ಲಿ ಸಿಕ್ಕಿದರೆ, ಏನೂ ಇಲ್ಲದ ಕಡೆ ಏನೋ ಇದ್ದಂತೆ ತೋರಿ, ನಕ್ಷೆಯೇ ಸುಳ್ಳಾದೀತು. ಈ ದೂರದರ್ಶಕದ ನೆರವಿನಿಂದ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯ ಶಂಕರ್ ಅವರು ರಚಿಸಿದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು.

ಒಂದು ದಿನ ಅಳತೆ ಕೆಟ್ಟರೆ ಮರುದಿನದವರೆಗೆ ಕಾಯಬೇಕು. ಆ ದಿನ ನೀಹಾರಿಕೆ ಸುಮಾರು ನಾಲ್ಕು ನಿಮಿಷ ಮೊದಲೇ ಬಂದಿರುತ್ತದೆ.