ಸತ್ತಂತಿರುವ ಪೋಲರಾಯ್ಡ್

ಅಟ್ಟದಲ್ಲಿ ಹಳೇ ಪೋಲರಾಯ್ಡ್ 600 ಸಿಕ್ಕಿತೇ? ಬಟನ್ ಒತ್ತಿದರೂ ಉಸಿರಾಡಲಿಲ್ಲವೆಂದು ಗುಜರಿಗೆ ಹಾಕಬೇಡಿ. ಅದರ ಬ್ಯಾಟರಿ ಇರುವುದು ಕ್ಯಾಮೆರಾದಲ್ಲಲ್ಲ, ಫಿಲ್ಮ್ ಪ್ಯಾಕ್‌ನಲ್ಲಿ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರ್‌ಗೆ ಹೋಗುವವರು ಮುಗಿದ ಪ್ಯಾಕೊಂದನ್ನು ಜೇಬಲ್ಲಿಟ್ಟುಕೊಳ್ಳಿ. ಅದರಲ್ಲಿ ಕೊಂಚ ಚಾರ್ಜ್ ಉಳಿದಿದ್ದರೆ ಮೋಟಾರ್ ಗುಯ್‌ಗುಟ್ಟುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಚೌಕಾಸಿ!

ಮೊದಲ ಕೆಲಸ ರೋಲರ್‌ಗಳದು. ಚಿತ್ರ ಹೊರಬರುವಾಗ ರಾಸಾಯನಿಕವನ್ನು ಸಮನಾಗಿ ಹರಡುವುದು ಅವೇ. ಒಣಗಿ ಅಂಟಿದ ಕೊಳೆಯನ್ನು ಒದ್ದೆ ಬಟ್ಟೆಯಿಂದ ನಿಧಾನವಾಗಿ ಒರೆಸಿ, ಚಾಕುವಿನಿಂದ ಕೆರೆಯಬೇಡಿ. ಫ್ಲ್ಯಾಶ್ ಭಾಗವನ್ನಂತೂ ಬಿಚ್ಚಲೇಬೇಡಿ. ಅದರ ಕೆಪಾಸಿಟರ್ ಜೋರಾಗಿ ಶಾಕ್ ಹೊಡೆದೀತು.

ಪೋಲರಾಯ್ಡ್ ಕಂಪನಿ 2008ರಲ್ಲಿ ಫಿಲ್ಮ್ ನಿಲ್ಲಿಸಿತು. ಆ ಕಾಲದ ಪ್ಯಾಕ್ ಅಗ್ಗಕ್ಕೆ ಸಿಕ್ಕರೂ ಬೇಡ. ಈಗ ಮತ್ತೆ ಹೊಸ ಫಿಲ್ಮ್ ಸಿಗುತ್ತದೆ: 8 ಚಿತ್ರಗಳ ಪ್ಯಾಕ್, ದುಬಾರಿ. ಕೊಳ್ಳುವಾಗ ‘600’ ಎಂದೇ ಕೇಳಿ. ಐ-ಟೈಪ್ ಎಂಬ ಇನ್ನೊಂದು ಬಗೆಯ ಪ್ಯಾಕ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಪ್ಯಾಕನ್ನು ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ. ಬಿಳೇಕಹಳ್ಳಿಯ ಏಪ್ರಿಲ್ ಬಿಸಿಲಿಗೆ ಬಣ್ಣ ಹಳದಿಗೆ ತಿರುಗುತ್ತದೆ. ಬೆಳಿಗ್ಗೆಯೇ ಕ್ಲಿಕ್ಕಿಸಿ, ಚಿತ್ರವನ್ನು ಕೂಡಲೇ ಬೆಳಕಿನಿಂದ ಮರೆಮಾಡಿ.