ಘಾಟು ಇಳಿಯುವವನಿಗೆ ಮೂಗು ಬೇಕು

ಬಾಡಿಗೆಗೆ ಕಾರು ಓಡಿಸಲು ಹೊರಟಿದ್ದೀಯ, ಸಂತೋಷ ಮಗ. ತಾಳವಾಡಿಯಿಂದ ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ ನಿನ್ನನ್ನು ನಂಬಿ ಹತ್ತುವವರೆಲ್ಲ ನಮ್ಮವರೇ. ಓಡಿಸುವುದು ನಿನಗೆ ಚೆನ್ನಾಗಿ ಗೊತ್ತು. ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದೀಯಲ್ಲ, ಆ ಸೆಂಟಿನ ಬಾಟಲಿ, ಅದರ ವಿಷಯಕ್ಕೆ ಎರಡು ಮಾತು ಕೇಳು.

ಸತ್ಯಮಂಗಲದ ದಾರಿಯ ಘಾಟಿನಲ್ಲಿ ದಿಂಬಂನಿಂದ ಬಣ್ಣಾರಿ ಕಡೆಗೆ 27 ಕಡಿದಾದ ತಿರುವು. ಇಳಿಜಾರಿನಲ್ಲಿ ಗೇರ್ ತಗ್ಗಿಸದೆ ಬ್ರೇಕನ್ನೇ ತುಳಿದುಕೊಂಡು ಹೋದರೆ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ. ಆಗ ಸೀದ ವಾಸನೆ ಬರುತ್ತದೆ. ಏರುವಾಗ ಕ್ಲಚ್ ಸುಟ್ಟರೂ ಹಾಗೆಯೇ. ಕೂಲಂಟ್ ಸೋರಿದರೆ ಸಿಹಿ ಸಿಹಿ ವಾಸನೆ. ಗ್ಯಾಸ್ ಕಿಟ್ ಇರುವ ವ್ಯಾನಿನಲ್ಲಂತೂ ಸೋರಿಕೆ ಮೂಗಿಗೆ ಗೊತ್ತಾಗಲಿ ಎಂದೇ ಎಲ್‌ಪಿಜಿಗೆ ಎಥೈಲ್ ಮರ್ಕ್ಯಾಪ್ಟನ್ ಎಂಬ ಕೆಟ್ಟ ನಾತದ ವಸ್ತು ಬೆರೆಸಿರುತ್ತಾರೆ. ಇದನ್ನೆಲ್ಲ ಹಿಡಿಯಬೇಕಾದ ಮೂಗಿಗೆ ನೀನೇ ಮಲ್ಲಿಗೆ ಸೆಂಟು ತುಂಬಿದರೆ ಹೇಗೆ?

ಇನ್ನು ನಿನ್ನ ದೇಹದ ಮಾತು. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕೈ ಸುಡುತ್ತದೆ. ಅಲ್ಲಿಟ್ಟ ಸೆಂಟು ಬೇಗ ಬೇಗ ಆವಿಯಾಗುತ್ತದೆ. ಕಿಟಕಿ ಮುಚ್ಚಿ, ಒಳಗಿನ ಗಾಳಿಯನ್ನೇ ಎಸಿಯಲ್ಲಿ ಸುತ್ತಿಸಿದರೆ ಅದಕ್ಕೆ ಹೋಗಲು ದಾರಿ ಇಲ್ಲ. ನಿಂಬೆ ಘಮಕ್ಕೆ ಬಳಸುವ ಲಿಮೊನೀನ್ ಗಾಳಿಯ ಓಜೋನಿನೊಂದಿಗೆ ಸೇರಿದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಒಂದು ಬಾಟಲಿಯಿಂದ ಕ್ಯಾನ್ಸರ್ ಬಂತು ಎಂದು ಹೆದರಿಸುವವನಲ್ಲ ನಾನು. ಹುಟ್ಟುವುದು ಸಣ್ಣ ಪ್ರಮಾಣ. ಆದರೆ ಗಿರಾಕಿ ಗಂಟೆಯಲ್ಲಿ ಇಳಿದುಹೋಗುತ್ತಾನೆ, ನೀನು ದಿನವೆಲ್ಲ ಅದೇ ಗಾಳಿ ಕುಡಿಯುತ್ತೀಯ. ಕಣ್ಣುರಿ, ಗಂಟಲು ಕೆರೆತ, ತಲೆನೋವು ಬಂದಾಗ ನಿದ್ದೆ ಸಾಲದೆಂದುಕೊಂಡು ಇನ್ನೊಂದು ಟೀ ಕುಡಿಯಬೇಡ. ಮೊದಲು ಆ ಬಾಟಲಿ ತೆಗೆದು ನೋಡು.

ಉಬ್ಬಸ ಇರುವವರಿಗೆ, ಅರೆತಲೆನೋವಿನವರಿಗೆ ಸೆಂಟು ಒಮ್ಮೆ ಮೂಗಿಗೆ ಬಡಿದರೂ ಸಾಕು, ಕಾಯಿಲೆ ಕೆರಳಬಹುದು. ಘಾಟಿನಲ್ಲಿ ಮಕ್ಕಳು ವಾಂತಿ ಮಾಡುವುದು ತಿರುವಿಗೇ ನಿಜ, ಆದರೆ ಗಾಢ ಸೆಂಟು ವಾಕರಿಕೆಯನ್ನು ಹೆಚ್ಚಿಸುತ್ತದೆ. ವಾಂತಿಯ ನಾತ ಹೋಗಲೆಂದು ಮತ್ತೆ ಸೆಂಟು ಹೊಡೆಯುತ್ತೀರಿ!

ಇಲಿ ವೈರು ಕಡಿಯದಿರಲೆಂದು ಕೆಲವರು ಸೀಟಿನ ಕೆಳಗೆ ನುಸಿಗುಳಿಗೆ ಇಡುತ್ತಾರೆ. ಅದನ್ನಂತೂ ಇವತ್ತೇ ಎಸೆ. ಅದರಲ್ಲಿ ನ್ಯಾಫ್ತಲೀನ್ ಇದ್ದರೆ, ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವ ಕೂಸಿನ ಕೆಂಪು ರಕ್ತಕಣ ಒಡೆದು, ಕಾಮಾಲೆ ಏರಿ, ಜೀವಕ್ಕೇ ಕುತ್ತು ಬರಬಹುದು. ಬಾಣಂತಿಯನ್ನು ಕರೆದುಕೊಂಡು ಬರುವಾಗ ಯಾವ ಕೂಸಿಗೆ ಆ ಕೊರತೆ ಇದೆಯೆಂದು ನೋಡಿ ಹೇಳಲಾಗದು.

ವಾಸನೆ ಬಂದರೆ ಅದರ ಮೂಲ ಹುಡುಕು. ಎಸಿ ಹಾಕಿದಾಗ ಮುಗ್ಗಲು ನಾತ ಬಂದರೆ ಒಳಗಿನ ತೇವಕ್ಕೆ ಬೂಷ್ಟು ಹಿಡಿದಿದೆ ಎಂದರ್ಥ. ಕ್ಯಾಬಿನ್ ಫಿಲ್ಟರ್ ಬದಲಿಸು, ಊರು ಮುಟ್ಟುವ ಮುಂಚೆ ಎಸಿ ಆರಿಸಿ ಬರೀ ಫ್ಯಾನ್ ಓಡಿಸು. ಮ್ಯಾಟುಗಳನ್ನು ಬಿಸಿಲಿಗೆ ಹಾಕು. ಬಾಟಲಿ ತೆಗೆದ ಮೇಲೂ ಸೀಟಿನ ಬಟ್ಟೆಯಲ್ಲಿ ಸೆಂಟು ಕೆಲವು ದಿನ ಉಳಿಯುತ್ತದೆ. ಅಷ್ಟು ದಿನ ಕಿಟಕಿ ಇಳಿಸಿಕೊಂಡು ಓಡಿಸು. ಹಾಸನೂರಿನ ಹತ್ತಿರ ಕಬ್ಬಿನ ಲಾರಿಗೆ ಆನೆ ಅಡ್ಡ ನಿಲ್ಲುವ ಕಡೆ ಮಾತ್ರ ಏರಿಸಿಕೋ.